ಹನ್ನೊಂದನೇ ನಂಬರ್ ಬಸ್ಸಿನ ಒಪ್ಪಿಗೆ

ಆ ದಿನ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಮಂಡ್ಯದ ಕಚೇರಿಯಲ್ಲಿ ಕಂಪ್ಯೂಟರ್ ತೆರೆದೆ. ಮದ್ದೂರು ಶಾಲೆಯ ಏಳನೇ ತರಗತಿಯವರು ಮಂಡ್ಯದ ಹೊರವಲಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ನೋಡಲು ಹೋಗುವ ಕೋರಿಕೆ ಮೊದಲ ಸಾಲಿನಲ್ಲೇ ಇತ್ತು. ನಾಲ್ಕು ಹಂತ, ನಾಲ್ಕು ಹಸಿರು ಗುರುತು. ಕೆಲಸ ಮುಗಿದಿದೆ ಎಂದು ಕೆಳಗಿನ ಸಾಲಿಗೆ ಹೋಗುವವಳು ಮೂರನೇ ಗುರುತಿನ ಕೆಳಗಿದ್ದ ಸಣ್ಣ ಅಕ್ಷರಗಳನ್ನು ನೋಡಿ ನಿಂತೆ. ‘ಸಮಯ ಮೀರಿದ್ದರಿಂದ ಒಪ್ಪಿಗೆ ಎಂದು ಪರಿಗಣಿಸಲಾಗಿದೆ.’ ಆ ವಾಕ್ಯವನ್ನು ಬರೆದವಳು ನಾನೇ.

ಅಷ್ಟರಲ್ಲಿ ಫೋನ್ ಬಂತು. ಮಳವಳ್ಳಿಯಿಂದ, ನಮ್ಮ ಬಸ್ಸುಗಳ ಮೇಲ್ವಿಚಾರಕರು. ಅವರು ಸಾಮಾನ್ಯವಾಗಿ ಮೊದಲು ಊಟ ತಿಂಡಿ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವವರು.

“ಅನ್ನೊಂದ್ನೇ ನಂಬರ್ ಗಾಡಿ ಎಲ್ಲದವ್ವಾ?” ಎಂದರು.

“ಮದ್ದೂರು ಶಾಲೆ ಅಂಗಳದಲ್ಲೇ ಇರಬೇಕಲ್ಲ ಅಣ್ಣ.”

“ಇಲ್ಲ ಕಣವ್ವ. ಈಗ ವಾಚ್‌ಮನ್‌ಗೆ ಪೋನ್ ಮಾಡಿದ್ದೆ. ಮಕ್ಳ ತುಂಬ್ಕಂಡು ಓಯ್ತು ಅಂದ. ಅದ್ರ ಬ್ರೇಕು ಸರಿ ಇಲ್ಲ. ಜೋರಾಗಿ ತುಳುದ್ರೆ ಗಾಡಿ ಎಡಕ್ಕೆ ಎಳೀತದೆ. ಯಾರವ್ವ ಕಳ್ಸಿದ್ದು?”

ನಾನು ಪರದೆ ನೋಡಿದೆ. ಆ ಬಸ್ಸನ್ನು ಕಳಿಸಬಹುದು ಎಂದು ಒಪ್ಪಿದವರ ಜಾಗದಲ್ಲಿ ಅವರದೇ ಹೆಸರಿತ್ತು.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ನಾನು ಮಂಡ್ಯದ ಒಂದು ಪತ್ರಿಕೆಯಲ್ಲಿ ಹಲವು ವರ್ಷ ಜಿಲ್ಲಾ ಪುಟಗಳನ್ನು ನೋಡಿಕೊಳ್ಳುತ್ತಿದ್ದೆ. ಪತ್ರಿಕೆ ನಿಂತ ಮೇಲೆ ಈ ಶಿಕ್ಷಣ ಸಂಸ್ಥೆಯ ಕಚೇರಿಗೆ ಸೇರಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಇವರ ಶಾಲೆಗಳಿವೆ. ನಾನು ಬಂದಾಗ ಯಾವುದೇ ಕೋರಿಕೆ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯಲ್ಪಟ್ಟು, ಅಟೆಂಡರ್‌ನ ಕಂಕುಳಲ್ಲಿ ಸರ್ಕಾರಿ ಬಸ್ಸು ಹತ್ತಿ, ಮೂರು ಊರು ಸುತ್ತಿ ಸಹಿ ಹಾಕಿಸಿಕೊಂಡು ಬರುತ್ತಿತ್ತು. ಒಂದು ಸುತ್ತಿಗೆ ವಾರ ಬೇಕು. ಸಂಸ್ಥೆಯ ಕಾರ್ಯದರ್ಶಿಗಳು ಒಂದು ಆ್ಯಪ್ ಕೊಂಡರು. ಕಚೇರಿಯ ಮಾತುಕತೆ, ಕಡತ, ಕೋರಿಕೆ, ಒಪ್ಪಿಗೆ ಎಲ್ಲವೂ ಅದರೊಳಗೇ. ಯಾವ ಕೋರಿಕೆ ಯಾರಿಂದ ಯಾರಿಗೆ ಹೋಗಬೇಕು ಎನ್ನುವ ದಾರಿಯನ್ನು ಹಾಕಿಕೊಡುವುದು ನನ್ನ ಪಾಲಿಗೆ ಬಂತು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚೌಕ ಬರೆದು, ಬಾಣ ಎಳೆದು ಆ ದಾರಿಗಳನ್ನು ಮಾಡಿದೆ. ಪ್ರವಾಸದ ದಾರಿ ಸರಳವಾಗಿತ್ತು. ತರಗತಿಯ ಶಿಕ್ಷಕಿ ಕೋರಿಕೆ ಹಾಕುತ್ತಾರೆ, ಅದು ಮೊದಲ ಗುರುತು. ಮುಖ್ಯೋಪಾಧ್ಯಾಯಿನಿ ಒಪ್ಪುತ್ತಾರೆ. ಬಸ್ ಮೇಲ್ವಿಚಾರಕರು ಯಾವ ಬಸ್ಸು ಎಂಬುದನ್ನು ನೋಡಿ ಒಪ್ಪುತ್ತಾರೆ. ಕೊನೆಗೆ ಕಾರ್ಯದರ್ಶಿ. ನಾಲ್ಕೂ ಹಸಿರಾದ ತಕ್ಷಣ ಚಾಲಕನಿಗೆ ಸಂದೇಶ ಹೋಗುತ್ತದೆ. ಒಪ್ಪದವರು ಕೆಂಪು ಗುಂಡಿ ಒತ್ತಿ ಕಾರಣ ಬರೆಯಬೇಕು. ಒಮ್ಮೆ ದಾಖಲಾದದ್ದನ್ನು ಯಾರೂ ಅಳಿಸಲಾಗದು. ಅದನ್ನು ನಾನು ಹಟ ಹಿಡಿದು ಮಾಡಿದ್ದೆ.

ಮೊದಲ ತಿಂಗಳಲ್ಲೇ ತೊಂದರೆ ಶುರುವಾಯಿತು. ಮಳವಳ್ಳಿಯ ಮೇಲ್ವಿಚಾರಕರ ಹಂತದಲ್ಲಿ ಮೂರು ಕೋರಿಕೆಗಳು ದಿನಗಟ್ಟಲೆ ನಿಂತವು. ಅವರು ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಓದುವ ಕನ್ನಡಕವನ್ನು ಹಣೆಯ ಮೇಲೆ ಏರಿಸಿ ಫೋನನ್ನು ದೂರ ಹಿಡಿದು ನೋಡುತ್ತಿದ್ದರು. ಅವರಿಗೆ ಈ ಆ್ಯಪು ಬಗ್ಗುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಯಾರನ್ನೂ ಕೇಳದೆ ತೀರ್ಮಾನಿಸಿದೆ ಎನ್ನುವುದನ್ನು ಇಲ್ಲಿ ಸೇರಿಸಬೇಕು.

ಪತ್ರಿಕೆಯಲ್ಲಿ ನಮಗೊಂದು ಕ್ರಮವಿತ್ತು. ಪುಟದ ಪ್ರತಿ ಸಂಪಾದಕರ ಮೇಜಿಗೆ ಹೋಗುತ್ತದೆ. ನಿಗದಿತ ಹೊತ್ತಿನೊಳಗೆ ಅವರಿಂದ ಕರೆ ಬಾರದಿದ್ದರೆ ಪುಟ ಅಚ್ಚಿಗೆ ಹೋಯಿತು ಎಂದರ್ಥ. ಅದನ್ನೇ ತಂದು ಇಲ್ಲಿ ಹಾಕಿದೆ. ಒಂದು ಇಡೀ ದಿನ ಯಾರೂ ಏನೂ ಒತ್ತದಿದ್ದರೆ ಆ ಹಂತ ಒಪ್ಪಿಗೆಯಾದಂತೆ, ಕೋರಿಕೆ ಮುಂದಕ್ಕೆ. ನಿಂತ ಕೋರಿಕೆಗಳೆಲ್ಲ ಸರಾಗವಾಗಿ ಮುಂದೆ ಹೋದವು. ಕಾರ್ಯದರ್ಶಿಗಳು ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಲು ಹೇಳಿ ಚಪ್ಪಾಳೆ ತಟ್ಟಿಸಿದರು.

ಮದ್ದೂರಿನ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದೆ. ಬಸ್ಸು ಒಂಬತ್ತೂ ಐದಕ್ಕೆ ಹೊರಟಿದೆ ಎಂದರು. ಮೂವತ್ತೆಂಟು ಮಕ್ಕಳು, ಒಬ್ಬರು ಶಿಕ್ಷಕಿ, ಚಾಲಕ. ಬೇರೆ ಬಸ್ಸುಗಳಿಗೆಲ್ಲ ಮಕ್ಕಳನ್ನು ಕರೆತರುವ ಕೆಲಸವಿತ್ತಂತೆ, ಇದು ಖಾಲಿ ನಿಂತಿದ್ದರಿಂದ ಕೋರಿಕೆಯಲ್ಲಿ ಇದರ ನಂಬರನ್ನೇ ಬರೆದಿದ್ದರಂತೆ. “ಯಾಕೆ ಮೇಡಂ, ಎಲ್ಲ ಅಪ್ರೂವ್ ಆಗಿತ್ತಲ್ಲ?” ಎಂದು ಕೇಳಿದರು. ವಿಷಯ ಹೇಳಿದೆ. 

ಚಾಲಕನ ಫೋನು ಶಾಲೆಯ ಕಚೇರಿಯ ಡಬ್ಬಿಯಲ್ಲಿತ್ತು. ಬಸ್ಸು ಹತ್ತುವ ಮೊದಲು ಫೋನನ್ನು ಡಬ್ಬಿಗೆ ಹಾಕಿ, ಹಾಕಿದೆ ಎಂದು ಗುರುತು ಮಾಡಿದರೆ ಮಾತ್ರ ಹೊರಡಬಹುದು. ಅದೂ ನಾನು ಹಾಕಿದ ಚೌಕವೇ. ಶಿಕ್ಷಕಿಯ ಫೋನು ರಿಂಗಾಗುತ್ತಿತ್ತು, ಅವರು ಎತ್ತುತ್ತಿರಲಿಲ್ಲ. ಆಮೇಲೆ ತಿಳಿದದ್ದು, ಅದು ಮೇಲಿನ ಕಂಬಿಯಲ್ಲಿಟ್ಟ ಚೀಲದೊಳಗಿತ್ತು, ಮಕ್ಕಳು ಹಾಡು ಹೇಳುತ್ತಿದ್ದರು.

ಲೆಕ್ಕ ಹಾಕಿದೆ. ಬಸ್ಸು ಹೆದ್ದಾರಿ ಬಿಟ್ಟು ಮಂಡ್ಯದೊಳಗೆ ಬಂದಿರಬೇಕು. ಊರು ದಾಟಿದ ಮೇಲೆ ಫಾರಂ ಕಡೆಗೆ ಹೋಗುವ ದಾರಿ ಒಂದಷ್ಟು ದೂರ ನಾಲೆಯ ಪಕ್ಕದಲ್ಲೇ ಸಾಗುತ್ತದೆ. ಹೋಗುವಾಗ ನಾಲೆ ಎಡಗಡೆ. ತಡೆಗೋಡೆ ಅಲ್ಲಲ್ಲಿ ಇದೆ, ಅಲ್ಲಲ್ಲಿ ಇಲ್ಲ. ಆ ವಾರ ನಾಲೆಗೆ ನೀರು ಬಿಟ್ಟಿದ್ದರು.

ಸ್ಕೂಟರ್ ತೆಗೆದೆ. ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಗೆ ಒತ್ತಿ ತುರುಕಿಕೊಂಡಿದ್ದೆ. ಮೇಲ್ವಿಚಾರಕರು ಮಳವಳ್ಳಿಯಿಂದ ಬೇರೆ ಬಸ್ಸು ತೆಗೆಸುತ್ತಲೇ ಮಾತಾಡುತ್ತಿದ್ದರು.

“ಅವ್ವಾ, ಗಾಡಿ ಸಿಕ್ಕುದ್ರೆ ಇಂದ್ಗಡೆಯಿಂದ ಆರನ್ ಗೀರನ್ ವಡೀಬ್ಯಾಡ. ಕೈ ಅಡ್ಡ ಆಕಿ ನಿಲ್ಸಾಕೂ ಓಗ್ಬ್ಯಾಡ. ಅವ್ನು ಗಾಬ್ರಿಬಿದ್ದು ಬ್ರೇಕ್ ಮ್ಯಾಲೆ ಎದ್ದು ನಿಂತ್ಕಬುಟ್ರೆ ಕೆಟ್ವಿ.”

“ಮತ್ತೆ ಏನು ಮಾಡಲಿ?”

“ಸುಮ್ಕೆ ಇಂದೆ ಓಗು. ನಿದಾನುಕ್ಕೆ ಓಯ್ತಾ ಇದ್ರೆ ಏನೂ ಆಗಾಕಿಲ್ಲ. ಗೇರ್‌ನಲ್ಲೇ ನಿಲ್ತದೆ ಗಾಡಿ. ನಾಲೆ ದಾಟ್ಲಿ, ಆಮ್ಯಾಕೆ ನೋಡುಮ.”

ಹೊಳಲು ಕಡೆಯ ತಿರುವು ಕಳೆದ ಮೇಲೆ ಬಸ್ಸು ಕಂಡಿತು. ಹತ್ತು ಗಂಟೆ ಏಳು ನಿಮಿಷ. ಹಳದಿ ಬೆನ್ನು, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಹನ್ನೊಂದು. ಮುಂದೆ ಕಬ್ಬು ಹೇರಿದ ಟ್ರಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಹೋಗುತ್ತಿತ್ತು. ಅದರ ಹಿಂದೆ ಬಸ್ಸು, ಅದರ ಹಿಂದೆ ನಾನು. ಎಡಗಡೆ ನಾಲೆ ತುಂಬಿ ಹರಿಯುತ್ತಿತ್ತು. ನೀರು ಸದ್ದೇ ಮಾಡುತ್ತಿರಲಿಲ್ಲ.

ನಾಲೆಗೆ ಉರುಳಿದ ವಾಹನಗಳ ಸುದ್ದಿಗಳನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ. ಅವಕ್ಕೆ ಒಂದು ಅಚ್ಚು ಇರುತ್ತದೆ. ಚಾಲಕನ ನಿಯಂತ್ರಣ ತಪ್ಪಿ. ತಡೆಗೋಡೆ ಇಲ್ಲದಿರುವುದೇ ಕಾರಣ ಎಂದು ಸ್ಥಳೀಯರು ಆರೋಪಿಸಿದ್ದಾರೆ. ಸ್ಥಳಕ್ಕೆ ಅಧಿಕಾರಿಗಳು ಭೇಟಿ ನೀಡಿ. ಬಸ್ಸಿನ ಹಿಂದೆ ಹೋಗುತ್ತಾ ಆ ಸುದ್ದಿ ನನ್ನ ತಲೆಯಲ್ಲಿ ತಾನಾಗಿಯೇ ಸಿದ್ಧವಾಗುತ್ತಿತ್ತು. ಸಂಖ್ಯೆಯ ಜಾಗ ಮಾತ್ರ ಖಾಲಿ ಬಿಟ್ಟುಕೊಂಡು. ಅದನ್ನು ನಿಲ್ಲಿಸಲು ನೋಡಿದೆ, ಆಗಲಿಲ್ಲ. ಎರಡನೇ ಪ್ಯಾರಾದಲ್ಲಿ ಬಸ್ಸಿಗೆ ಒಪ್ಪಿಗೆ ಕೊಟ್ಟವರ ಹೆಸರು ಬರುತ್ತಿತ್ತು. ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿದ್ದ ಇಬ್ಬರು ಹುಡುಗಿಯರು ಗಾಜಿನ ಹತ್ತಿರ ಬಂದು ನನಗೆ ಕೈ ಬೀಸಿದರು. ಒಬ್ಬಳು ಗಾಜಿಗೆ ಬಾಯಿಯ ಹಬೆ ಊದಿ ಅದರಲ್ಲಿ ಏನೋ ಬರೆದಳು. ನಾನೂ ಕೈ ಬೀಸಿದೆ. ಬೀಸದಿದ್ದರೆ ಅವರು ಶಿಕ್ಷಕಿಯನ್ನು ಕರೆದು ತೋರಿಸಬಹುದು, ಶಿಕ್ಷಕಿ ಗುರುತು ಹಿಡಿದು ಬಸ್ಸು ನಿಲ್ಲಿಸಲು ಹೇಳಬಹುದು ಎನ್ನುವ ಹೆದರಿಕೆ. ಬೀಸಿದ್ದರಿಂದಲೂ ಹಾಗೇ ಆಗಬಹುದಿತ್ತು. ಆಗ ಅದು ಹೊಳೆಯಲಿಲ್ಲ.

ಒಂದು ಕಡೆ ಟ್ರಾಕ್ಟರಿನಿಂದ ಕಬ್ಬಿನ ಹೊರೆ ಜಾರಿತು. ಟ್ರಾಕ್ಟರ್ ನಿಂತಿತು. ಬಸ್ಸಿನ ಹಿಂದಿನ ಕೆಂಪು ದೀಪ ಹತ್ತಿತು. ಬಸ್ಸಿನ ಮೂತಿ ಎಡಕ್ಕೆ ಹೊರಳಿದ್ದನ್ನು ನಾನು ಕಂಡೆ. ಎಷ್ಟು ಎಂದು ಯಾರಾದರೂ ಕೇಳಿದರೆ ಒಂದು ಮೊಳ ಎನ್ನುತ್ತೇನೆ, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಎಡಗಡೆಯ ಮುಂದಿನ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಿತು. ದೀಪ ಆರಿತು, ಮತ್ತೆ ಹತ್ತಿತು, ಮತ್ತೆ ಆರಿತು. ಬಸ್ಸು ನಿಂತಿತು. ಆ ಜಾಗದಲ್ಲಿ ತಡೆಗೋಡೆ ಇರಲಿಲ್ಲ. ಮಕ್ಕಳು ಓಹೋ ಎಂದು ಕೂಗಿದರು, ಖುಷಿಗೆ.

“ನಿಂತಿದೆ,” ಎಂದೆ ಹೆಲ್ಮೆಟ್ಟಿನೊಳಗೆ.

“ಎಲ್ಲಿ?”

“ನಾಲೆ ಪಕ್ಕದಲ್ಲೇ. ಒಂದು ಚಕ್ರ ಮಣ್ಣಲ್ಲಿದೆ.”

“ಈಗ ಓಗು. ಡ್ರೈವರ್ ಕಣ್ಣಿಗೆ ಕಾಣಂಗೆ ಬಲ್ಗಡೆಯಿಂದ ನಿದಾನುಕ್ಕೆ ಓಗು. ನಕ್ಕಂಡು ಮಾತಾಡು.”

ನಕ್ಕೆನೋ ಇಲ್ಲವೋ ನೆನಪಿಲ್ಲ. ಚಾಲಕ ಮದ್ದೂರಿನ ಹತ್ತಿರದ ಹಳ್ಳಿಯವನು, ನನ್ನ ವಯಸ್ಸಿನವನೇ. ಕಿಟಕಿಯಿಂದ ತಲೆ ಹಾಕಿ, “ಏನ್ ಮೇಡಂ, ನೀವೂ ಕಬ್ ನೋಡಾಕ್ ಬಂದ್ರಾ?” ಎಂದ. ಅವನ ಮೇಲ್ದುಟಿಯ ಮೇಲೆ ಬೆವರಿತ್ತು.

ಮಕ್ಕಳನ್ನು ಒಬ್ಬೊಬ್ಬರಾಗಿ ಬಲಗಡೆಯ ತುರ್ತು ಬಾಗಿಲಿನಿಂದ ಇಳಿಸಿದೆವು. ಕಬ್ಬು ಎತ್ತಿಹಾಕುತ್ತಿದ್ದ ಟ್ರಾಕ್ಟರಿನವರೂ ಬಂದು ಕೈ ಕೊಟ್ಟರು. ರಸ್ತೆಯ ಆಚೆ ಗದ್ದೆಯ ಬದುವಿನ ಮೇಲೆ ಸಾಲಾಗಿ ಕೂರಿಸಿ ಶಿಕ್ಷಕಿ ಎಣಿಸಿದರು. ಮೂವತ್ತೆಂಟು. ನಾನು ಇನ್ನೊಮ್ಮೆ ಎಣಿಸಿದೆ. ಬಸ್ಸು ಕೆಟ್ಟಿದೆ, ಬೇರೆ ಬರುತ್ತದೆ ಎಂದು ಮಕ್ಕಳಿಗೆ ಹೇಳಿದೆವು. ಅವರು ಟ್ರಾಕ್ಟರಿನವರಿಂದ ಕಬ್ಬು ಕೇಳಿ ಪಡೆದು ಸಿಗಿಯುತ್ತಾ ಕೂತರು. ಇವತ್ತಿಗೂ ಅವರಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಾರದು.

ಚಾಲಕನನ್ನು ಪಕ್ಕಕ್ಕೆ ಕರೆದು ಕೇಳಿದೆ. “ಬ್ರೇಕ್ ಎಳೆಯುತ್ತೆ ಅಂತ ಗೊತ್ತಿರಲಿಲ್ವಾ?”

“ಗೊತ್ತಿಲ್ದೆ ಏನ್ ಮೇಡಂ. ಮೂರ್ ದಿನುದ್ ಇಂದೆ ನಾನೇ ಅಣ್ಣುಂಗೆ ಏಳಿದ್ದೆ.”

“ಮತ್ತೆ ಯಾಕೆ ತಂದೆ?”

“ನಾಕೂ ಅಸ್ರು ಬಂತಲ್ಲ. ಅಣ್ಣುನ್ ಎಸ್ರೂ ಇತ್ತು. ರಿಪೇರಿ ಮಾಡ್ಸಿರ್ಬೇಕು ಅನ್ಕಂಡೆ. ಎಲ್ರೂ ಒಪ್ಪವ್ರೆ, ನಾನ್ಯಾರು ಬ್ಯಾಡ ಅನ್ನಾಕೆ?”

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಮೊದಲ ಮೂರು ಜನ ಒಪ್ಪಿದ್ದಾರೆ ಎಂದು ಕಾರ್ಯದರ್ಶಿಗಳೂ ಒತ್ತಿದ್ದರು. ಬಸ್ಸಿನ ವಿಚಾರ ಮೇಲ್ವಿಚಾರಕರು ನೋಡುತ್ತಾರೆ ಎಂದು ಮುಖ್ಯೋಪಾಧ್ಯಾಯಿನಿ ಒತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು ನೋಡಲಿ ಎಂದು ಇಟ್ಟ ಹಂತಗಳವು.

ಮೇಲ್ವಿಚಾರಕರು ಬೇರೆ ಬಸ್ಸನ್ನು ತಾವೇ ಓಡಿಸಿಕೊಂಡು ಬರುವ ಹೊತ್ತಿಗೆ ಹನ್ನೊಂದು ದಾಟಿತ್ತು. ಇಳಿದವರು ಮೊದಲು ಮಕ್ಕಳ ಕಡೆ ನೋಡಿದರು. ಆಮೇಲೆ ಮಣ್ಣಿನಲ್ಲಿದ್ದ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಚಕ್ರದಿಂದ ನಾಲೆಯ ಅಂಚಿನವರೆಗೆ ಕೈಯಲ್ಲಿ ಗೇಣು ಹಾಕಿದರು. ಎಷ್ಟು ಬಂತು ಎಂದು ಹೇಳಲಿಲ್ಲ.

ಎದ್ದು ಚಾಲಕನಿಗೆ, “ಏನ್ಲಾ, ಕಣ್ಣು ಮನೇಲಿ ಮಡಗಿ ಬಂದಿದ್ದಾ?” ಎಂದರು.

“ಅಸ್ರು ಬಂದಿತ್ತು ಕಣಣ್ಣ.”

“ಅಸ್ರು ಕಂಡ್ಕಂಡು ಎಮ್ಮೆ ಓಯ್ತದೆ. ನೀನ್ಯಾಕ್ಲಾ ಓದೆ?”

 ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಅವರ ದನಿ ಇಳಿದಿತ್ತು.

“ನಾನು ಊಂ ಅನ್ನಲಿಲ್ವಲ್ಲವ್ವಾ. ನನ್ ಎಸ್ರು ಮುಂದೆ ಅಸ್ರು ಎಂಗ್ ಬಂತು?”

ಹೇಗೆ ಬಂತು ಎಂದು ಹೇಳಿದೆ. ಒಂದು ದಿನದ ನಿಯಮ, ನಾನು ಹಾಕಿದ್ದು. ಅವರು ಪೂರ್ತಿ ಕೇಳಿಸಿಕೊಂಡರು.

“ಬೇಡ ಅಂತ ಕೆಂಪು ಗುಂಡಿ ಒತ್ತಬಹುದಿತ್ತಲ್ಲ ಅಣ್ಣ,” ಎಂದೆ.

“ಎಂಗೆ ಒತ್ಲಿ? ಮದ್ದೂರ್ ದೊಡ್ಮೇಡಮ್ಮೋರು ಮಕ್ಳಿಗೆ ಅಂತ ಬಾಯ್ಬುಟ್ಟು ಕೇಳವ್ರೆ. ಬ್ಯಾಡ ಅಂತ ಒತ್ತಿ, ಅದು ಮೂರೂರಿಗೂ ಕಾಣಂಗಾದ್ರೆ ಅವ್ರ ಮಕುಕ್ಕೆ ವಡ್ದಂಗಲ್ವಾ? ಸುಮ್ನಾದೆ. ಸುಮ್ನಿದ್ರೆ ಆಗಾಕಿಲ್ಲ ಅಂತ ಅವ್ರೇ ತಿಳ್ಕತಾರೆ. ಆ ಪುಸ್ತಕ ಇದ್ದಾಗ್ಲೂ ಅಂಗೇ. ಸೈನ್ ಆಕ್ದೆ ವಾಪಸ್ ಕಳಿಸ್ತಿದ್ದೆ, ಯಾರೂ ಯಾಕೆ ಅಂತ ಕೇಳ್ತಿರ್ಲಿಲ್ಲ.”

“ಆ್ಯಪಿಗೆ ಅದು ತಿಳಿಯಲ್ಲ.”

“ಅದ್ಕೆ ತಿಳೀದಿದ್ರೆ ಓಗ್ಲಿ ಬುಡು. ನೀನು ಕೆರಗೋಡ್ನೋಳು. ನಿಂಗೂ ತಿಳೀಲಿಲ್ವಾ?”

 ಕೆರಗೋಡಿನ ನಮ್ಮ ಮನೆಗೆ ನನ್ನನ್ನು ನೋಡಲು ಮೂರು ಕಡೆಯವರು ಬಂದಿದ್ದರು. ಮೂವರೂ ತಿಂಡಿ ತಿಂದು, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದು ಹೋದವರು. ಯಾರೂ ಹೇಳಿ ಕಳಿಸಲಿಲ್ಲ. ಎಂಟು ದಿನ ಕಳೆದ ಮೇಲೆ ಅವ್ವ ಹೊಸ ಲೋಟಗಳನ್ನು ತೊಳೆದು ಒಳಗಿಟ್ಟುಬಿಡುತ್ತಿದ್ದಳು. ಯಾಕೆ ಎಂದು ನಾನು ಒಮ್ಮೆಯೂ ಕೇಳಿದವಳಲ್ಲ. ಎಲ್ಲರಿಗೂ ತಿಳಿದಿದ್ದೇ. ಯಾವ ಮನೆಯಲ್ಲೂ ಆ ಮೌನವನ್ನು ಹೌದು ಎಂದು ಹಿಡಿದು ಚಪ್ಪರ ಹಾಕಿದ್ದು ನಾನು ಕೇಳಿಲ್ಲ.

ಮಕ್ಕಳು ಬೇರೆ ಬಸ್ಸಿನಲ್ಲಿ ಫಾರಂ ನೋಡಿ ಬಂದರು. ಹನ್ನೊಂದನೇ ನಂಬರಿನ ಬಸ್ಸನ್ನು ಮೇಲ್ವಿಚಾರಕರು ಒಬ್ಬರೇ ಕೂತು, ಮೊದಲನೇ ಗೇರಿನಲ್ಲಿ ಮಂಡ್ಯದ ಗ್ಯಾರೇಜಿಗೆ ತಂದರು. ಸಂಜೆ ನಾನು ಹಿಂದಿನ ದಾಖಲೆಗಳನ್ನು ತೆಗೆದು ನೋಡಿ, ಗ್ಯಾರೇಜಿನವರನ್ನೂ ಕೇಳಿದೆ. ಮೊದಲ ತಿಂಗಳಲ್ಲಿ ಅವರ ಬಳಿ ನಿಂತಿದ್ದ ಆ ಮೂರು ಕೋರಿಕೆಗಳು. ಒಂದು ಬಸ್ಸಿನ ಟೈರು ಸವೆದಿತ್ತು. ಇನ್ನೊಂದು ದಿನ ಹೋಗಬೇಕಿದ್ದ ಚಾಲಕ ಜ್ವರದಿಂದ ಎದ್ದು ಎರಡೇ ದಿನವಾಗಿತ್ತು. ಮೂರನೆಯದರ ಕಾರಣ ಗ್ಯಾರೇಜಿನವರಿಗೂ ನೆನಪಿರಲಿಲ್ಲ. ಒಂದು ದಿನದ ನಿಯಮ ಹಾಕಿದ ಕೂಡಲೇ ಮೂರೂ ಹಸಿರಾಗಿದ್ದವು, ಮೂರೂ ಬಸ್ಸುಗಳು ಹೋಗಿ ಬಂದಿದ್ದವು.  

ಮೇಲ್ವಿಚಾರಕರು ಆ ಒಪ್ಪಿಗೆಯಿಂದ ತಮ್ಮ ಹೆಸರು ತೆಗೆಯಲು ಕೇಳಿದ್ದರು. ತೆಗೆಯಲು ಬರುವುದಿಲ್ಲ. ಕೆಳಗೆ ಟಿಪ್ಪಣಿ ಸೇರಿಸಬಹುದು ಅಷ್ಟೇ. ಸೇರಿಸಿದೆ. ‘ಈ ಒಪ್ಪಿಗೆಯನ್ನು ಮೇಲ್ವಿಚಾರಕರು ಕೊಟ್ಟಿಲ್ಲ. ಅವರು ಏನನ್ನೂ ಒತ್ತಿಲ್ಲ. ಒತ್ತದಿರುವುದನ್ನು ಒಪ್ಪಿಗೆ ಎಂದು ಎಣಿಸುವ ನಿಯಮವನ್ನು ಹಾಕಿದವಳು ನಾನು. ಬ್ರೇಕು ಕೆಟ್ಟ ಬಸ್ಸು ಆ ನಿಯಮದಿಂದ ಹೊರಟಿತು.’ ಕೆಳಗೆ ನನ್ನ ಹೆಸರು ಬರೆದು, ಅವತ್ತೇ ನಿಯಮವನ್ನು ತೆಗೆದುಹಾಕಿದೆ. ಇನ್ನು ಮುಂದೆ ಯಾವ ನಿಯಮ ಬದಲಾಗಬೇಕಾದರೂ ಮೂರು ಶಾಲೆಗಳ ಮುಖ್ಯೋಪಾಧ್ಯಾಯಿನಿಯರು ಮತ್ತು ಮೇಲ್ವಿಚಾರಕರು ಒಪ್ಪಬೇಕು ಎನ್ನುವ ಹಂತವನ್ನೂ ಇಟ್ಟೆ.

ಎರಡು ವಾರಕ್ಕೆ ಕೋರಿಕೆಗಳು ಮತ್ತೆ ನಿಲ್ಲತೊಡಗಿದವು. ಎಲ್ಲವೂ ಬಸ್ಸಿನವಲ್ಲ. ಸೀಮೆಸುಣ್ಣ, ರಜೆ, ನಲ್ಲಿ ರಿಪೇರಿ. ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಟಿಪ್ಪಣಿಯನ್ನು ಓದಿದ್ದರು. ಆಗಿದ್ದು ಆಯಿತು, ಯಾರಿಗೂ ಏನೂ ಆಗಲಿಲ್ಲವಲ್ಲ, ಆ ಒಂದು ದಿನದ ನಿಯಮವನ್ನು ವಾಪಸ್ ಹಾಕಿ ಎಂದರು. ಬಸ್ಸುಗಳನ್ನಾದರೂ ಬಿಟ್ಟು ಹಾಕುತ್ತೇನೆ ಎಂದೆ. ಒಂದೊಂದಕ್ಕೆ ಒಂದೊಂದು ನಿಯಮ ಬೇಡ ಎಂದರು. ನಿಯಮ ಬದಲಾಗಬೇಕಾದರೆ ಮೂರು ಮುಖ್ಯೋಪಾಧ್ಯಾಯಿನಿಯರು ಮತ್ತು ಮೇಲ್ವಿಚಾರಕರು ಒಪ್ಪಬೇಕು ಎಂದು ನೆನಪಿಸಿದೆ. ಹಾಗಾದರೆ ಕಳಿಸಿ ಎಂದರು.

ಕಳಿಸಿದೆ. ಮಂಡ್ಯ ಹಸಿರು, ಮಳವಳ್ಳಿ ಹಸಿರು. ಮದ್ದೂರಿನವರು ಮೂರು ದಿನ ತೆಗೆದುಕೊಂಡು ಹಸಿರು ಮಾಡಿದರು. ಮೇಲ್ವಿಚಾರಕರ ಮುಂದೆ ‘ಬಾಕಿ’ ಎಂದಿತ್ತು.

ಒಂದು ವಾರದ ಮೇಲೆ ಕಾರ್ಯದರ್ಶಿಗಳು ಕೇಳಿದರು. “ಅದು ಯಾಕಮ್ಮ ಇನ್ನೂ ನಿಂತಿದೆ?”

“ಅವರು ಬೇಡ ಅಂದಿದ್ದಾರೆ ಸರ್.”

“ಎಲ್ಲಿ ಅಂದಿದ್ದಾರೆ? ಬಾಕಿ ಅಂತ ಇದೆಯಲ್ಲ?”

“ಹಾಗಂದ್ರೆ ಬೇಡ ಅಂತಾನೇ ಸರ್.”

ಅವರು ನನ್ನ ಮುಖ ನೋಡಿ ಮುಂದಿನ ಕಡತ ತೆಗೆದರು. ಯಾರ ಹಂತವನ್ನಾದರೂ ದಾಟಿಸಿ ಕಳಿಸುವ ಅಧಿಕಾರ ಅವರೊಬ್ಬರಿಗಿದೆ. ಅದಕ್ಕೂ ಒಂದು ಗುಂಡಿ ಇದೆ, ನಾನೇ ಇಟ್ಟದ್ದು. ಅದನ್ನು ಅವರು ಇದುವರೆಗೆ ಒತ್ತಿಲ್ಲ. ಒತ್ತುವುದಿಲ್ಲ ಎಂದು ಹೇಳಿಯೂ ಇಲ್ಲ.

ಶಾಲಾ ಬಸ್ಸುಗಳು ಹೊರಡುವುದು ಏಳೂವರೆಗೆ. ನಾನೀಗ ಏಳಕ್ಕೇ ಕಚೇರಿಗೆ ಬಂದು ಮೊದಲು ಆ ಸಾಲನ್ನು ತೆರೆಯುತ್ತೇನೆ. ಇನ್ನೂ ಬಾಕಿ ಎಂದೇ ಇರುತ್ತದೆ. ಆಮೇಲೆ ಮಳವಳ್ಳಿಗೆ ಫೋನ್ ಮಾಡಿ ಅವತ್ತು ಹೊರಡಬೇಕಾದ ಒಂದೊಂದೇ ಬಸ್ಸಿನ ನಂಬರು ಹೇಳುತ್ತೇನೆ. ಅವರು ಊಂ ಅನ್ನುತ್ತಾರೆ. ಊಂ ಕೇಳಿಸದಿದ್ದ ನಂಬರನ್ನು ಬರೆದುಕೊಂಡು, ಆ ಬಸ್ಸು ನಿಂತಿರುವ ಶಾಲೆಗೆ ಫೋನ್ ಮಾಡುತ್ತೇನೆ.